ನೇಕಾರರ ಬೀದಿಯ ಮೂರಂಕಣದ ಮನೆ

ಬಾಡಿಗೆ ಮನೆಯಲ್ಲಿ ಇದ್ದವರಿಗೆ ಗೊತ್ತಿರುತ್ತದೆ, ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಇನ್ನೊಬ್ಬರ ಮುಖ ನೋಡಬೇಕು. ಯಳಂದೂರಿನ ಚಿಕ್ಕಬಸಮ್ಮ ಇಪ್ಪತ್ತು ವರ್ಷದಲ್ಲಿ ಏಳು ಮನೆ ಬದಲಿಸಿದವಳು. ಒಬ್ಬರಿಗೆ ಮಗನ ಮದುವೆ ಬಂತು, ಕೋಣೆ ಬೇಕಾಯಿತು. ಇನ್ನೊಬ್ಬರಿಗೆ ಎಮ್ಮೆ ಬಂತು, ಎಮ್ಮೆ ಕಟ್ಟಲು ಜಾಗ ಬೇಕಾಯಿತು. ಎಮ್ಮೆಗಿಂತ ಕಡೆಯಾದೆನಲ್ಲ ಎಂದು ಅವಳು ಆವತ್ತು ಎಲ್ಲರೆದುರು ನಕ್ಕಳು. ಗಂಟು ಕಟ್ಟಿಕೊಂಡು ಹೊರಟ ಮೇಲೆ ದಾರಿಯಲ್ಲಿ ಅತ್ತಳು.

ಅವಳು ಹುಟ್ಟಿದ್ದು, ಮದುವೆಯಾಗಿದ್ದು ಎರಡೂ ಹನೂರಿನ ಆಚೆ, ಕಾಡಿನ ಅಂಚಿನಲ್ಲಿ. ಮದುವೆಯಾದ ಆರನೆಯ ವರ್ಷಕ್ಕೆ ಗಂಡ ಚಳಿಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಆಮೇಲೆ ಯಳಂದೂರಿಗೆ ಬಂದು ಮುತ್ತುಗದ ಎಲೆ ಹಚ್ಚಿ ಮಾರುವ ಕೆಲಸ ಹಿಡಿದಳು. ಸುತ್ತಿನ ಹತ್ತು ಹಳ್ಳಿಯಲ್ಲಿ ಮದುವೆಯಿರಲಿ ತಿಥಿಯಿರಲಿ, ಐನೂರು ಜನ ಉಂಡರೆ ಐನೂರು ಎಲೆಯೂ ಚಿಕ್ಕಬಸಮ್ಮನದೇ. ಅಷ್ಟು ಜನರನ್ನು ಉಣ್ಣಲು ಕೂರಿಸಿದ ಹೆಂಗಸು ಸಂಜೆ ಮನೆಗೆ ಬಂದು ಒಬ್ಬಳೇ ಮುದ್ದೆ ಮುರಿಯುತ್ತಿದ್ದಳು.

ಹೀಗೆ ಎಲೆ ಹಚ್ಚಿ ಹಚ್ಚಿ ಅಂಚೆ ಕಚೇರಿಯಲ್ಲಿ ಆರುನೂರು ರೂಪಾಯಿ ಕೂಡಿಟ್ಟಿದ್ದಳು. ವಯಸ್ಸು ಐವತ್ತಕ್ಕೆ ಹತ್ತಿರ. ಆ ದುಡ್ಡಿನಲ್ಲಿ ಒಂದು ಸಲ ಮನೆ ಕೊಳ್ಳಬಹುದು, ಎರಡನೆಯ ಸಲಕ್ಕೆ ಆಯುಷ್ಯವೂ ಇಲ್ಲ, ಬೆರಳಿಗೆ ಶಕ್ತಿಯೂ ಇಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನಾವು ಹೇಳುತ್ತಿರುವುದು ೧೯೫೨ರ ಬೇಸಿಗೆಯ ಮಾತು. ಯಳಂದೂರು ಮೈಸೂರು ಸರ್ಕಾರಕ್ಕೆ ಸೇರಿದ್ದು. ಹತ್ತು ಮೈಲಿ ಆಚೆಯ ಕೊಳ್ಳೇಗಾಲ, ಅದರ ಆಚೆಯ ಹನೂರು, ಎರಡೂ ಮದರಾಸು ಸರ್ಕಾರಕ್ಕೆ ಸೇರಿದವು. ಇಲ್ಲಿ ಅಮಲ್ದಾರರು, ಅಲ್ಲಿ ತಹಸೀಲ್ದಾರರು. ಅಲ್ಲಿ ಪಾನನಿರೋಧ, ಇಲ್ಲಿ ಹೆಂಡದಂಗಡಿ. ಚಿಕ್ಕಬಸಮ್ಮ ಎಲೆಯ ಕಟ್ಟು ಹೊತ್ತು ಗಡಿ ದಾಟುವಾಗ ಆ ಕಡೆಯ ಪೊಲೀಸರು ಕಟ್ಟನ್ನು ಕುಟ್ಟಿ ನೋಡುತ್ತಿದ್ದರು, ಒಳಗೆ ಬಾಟಲಿ ಇದೆಯೋ ಏನೋ ಎಂದು. ಮಾತು ಒಂದೇ, ಮುದ್ದೆ ಒಂದೇ, ನಂಟಸ್ತಿಕೆ ಒಂದೇ. ಸರ್ಕಾರ ಮಾತ್ರ ಬೇರೆ. ಇದನ್ನು ಮರೆಯುವುದು ನಮ್ಮ ಕಡೆಯವರಿಗೆ ಬಹಳ ಸುಲಭ.

ಒಂದು ದಿನ ಮನೆ ದಲ್ಲಾಳಿ ಮಾದಸ್ವಾಮಿ ಅವಳ ಜಗಲಿಗೆ ಬಂದು ಕೂತ.

"ಚಿಕ್ಕಬಸಕ್ಕ, ಕೊಳ್ಳೇಗಾಲ್ದ ನೇಕಾರ್ರ ಬೀದಿಲಿ ಒಂದು ಮನ ಬಂದದ. ಮೂರಂಕಣ. ಐನೂರಕ್ಕ ಕೊಡ್ತಾರ."

ಅಂಕಣವೆಂದರೆ ಎರಡು ಕಂಬದ ನಡುವಿನ ಜಾಗ. ನಮ್ಮ ಕಡೆ ಮನೆಯನ್ನು ಅಳೆಯುವುದೇ ಹಾಗೆ. ಯಳಂದೂರಿನಲ್ಲಿ ಮೂರಂಕಣದ ಮನೆಗೆ ಸಾವಿರದ ಮೇಲೆ ಕೇಳುತ್ತಿದ್ದರು.

"ಐನೂರಾ? ಬಿದ್ದೋಗಿರೋ ಮನೆಯಾ?"

"ಒಂದು ಹೆಂಚು ಅಲ್ಲಾಡಿಲ್ಲ ಕಣಕ್ಕ. ತೇಗದ ಕಂಬ ಇದಾವ. ಈಗ ಅಲ್ಲಿ ಮನ ಬೆಲ ಬಿದ್ದೋಗದ. ಇದು ನಿನ್ನಂತೋರ್ಗೇ ಬಂದಿರೋ ಕಾಲ. ಆದ್ರ ಶುಕ್ರವಾರದೊಳ್ಗ ಮುಂಗಡ ಕೊಡ್ಬೇಕು. ನಾಳ ನಾಡಿದ್ದು ಬೆಲ ಏರ್ತದ."

ಮಾದಸ್ವಾಮಿ ಮೋಸಗಾರನಲ್ಲ. ಅವಸರದ ಮನುಷ್ಯ, ಅಷ್ಟೇ. ಅವನ ಹೊಟ್ಟೆಪಾಡು ಅವಸರದಲ್ಲೇ ಇತ್ತು.

ಮಾರನೆಯ ದಿನ ಚಿಕ್ಕಬಸಮ್ಮ ಹೋಗಿ ಮನೆ ನೋಡಿದಳು. ಮಧ್ಯಾಹ್ನದ ಹೊತ್ತು. ತೇಗದ ಕಂಬ ನಿಜ, ಸುಣ್ಣದ ಗೋಡೆ ನಿಜ. ನಡುಮನೆಯಲ್ಲಿ ಮಗ್ಗದ ಗುಂಡಿ ಇತ್ತು, ಮಗ್ಗ ಇರಲಿಲ್ಲ. ಹಿತ್ತಲಲ್ಲಿ ಸೇದುವ ಬಾವಿ. ಅವಳು ಒಂದು ಕಂಬದ ಮೇಲೆ ಅಂಗೈ ಇಟ್ಟಳು. ತಂಪಾಗಿತ್ತು. ಇಲ್ಲಿಂದ ನನ್ನನ್ನು ಯಾವ ಎಮ್ಮೆಯೂ ಎಬ್ಬಿಸುವುದಿಲ್ಲ ಎಂದುಕೊಂಡಳು. ಕಣ್ಣು ತುಂಬಿತು. ಮಾದಸ್ವಾಮಿಗೆ ಆಗಲಿ ಎಂದುಬಿಟ್ಟಳು.

ಅವನು ಯಳಂದೂರಿಗೆ ಬಂದವನೇ ಪರಿಚಯದವರ ಕೈಲಿ ಒಂದು ಕರಾರು ಬರೆಸಿ ತಂದುಕೊಟ್ಟ. ಚಿಕ್ಕಬಸಮ್ಮನಿಗೆ ಓದು ಬಾರದು. ಎಲೆಯ ಕಟ್ಟು ತಲುಪಿಸಲು ಕೊಳ್ಳೇಗಾಲಕ್ಕೆ ಹೋದಾಗ ಆ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಪುಟ್ಟಮಲ್ಲಪ್ಪನವರ ಹತ್ತಿರ ಹೋದಳು. ಪುಟ್ಟಮಲ್ಲಪ್ಪನವರು ಸಬ್ ರಿಜಿಸ್ಟ್ರಾರ್ ಕಚೇರಿಯ ಹುಣಿಸೆಮರದ ಕೆಳಗೆ ಕೂತು ಪತ್ರ ಬರೆಯುವವರು. ಮೂವತ್ತು ವರ್ಷದಿಂದ ಊರಿನ ಮನೆಗಳು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿದ್ದೆಲ್ಲ ಅವರ ಲೇಖನಿಯ ಕೆಳಗೆ. ಅವರ ಮಗಳ ಮದುವೆಗೆ ಎಲೆ ಕೊಟ್ಟವಳು ಇವಳೇ.

ಅವರು ಕನ್ನಡಕ ಏರಿಸಿ ಕಾಗದ ತಿರುಗಿಸಿ ನೋಡಿದರು.

"ಬಸಮ್ಮ, ಈ ಕಾಗ್ದದ ಮ್ಯಾಲ ಉಪ್ಪಿನಕಾಯಿ ಬಡಿಸ್ಕಬೌದು. ಮನ ತಕಳಕ್ಕ ಬರದಿಲ್ಲ."

"ಯಾಕ ಸಾ? ಛಾಪಾ ಕಾಗ್ದನೇ ಅಲ್ವಾ?"

"ಮೈಸೂರು ಸರ್ಕಾರದ ಛಾಪಾ. ಮನ ಇರೋದು ಮದರಾಸು ಸರ್ಕಾರದಲ್ಲಿ. ಮನ ಯಾವ ನೆಲದ ಮ್ಯಾಲ ನಿಂತದೋ ಆ ನೆಲದ ಛಾಪಾ ಬೇಕು. ಆ ನೆಲದ ಕಚೇರಿಲೇ ರಿಜಿಸ್ಟರ್ ಆಗ್ಬೇಕು. ನೀನು ಎಲ್ಲಿದ್ದೀಯ ಅನ್ನೋದು ಲೆಕ್ಕಕ್ಕಿಲ್ಲ."

"ಅಯ್ಯೋ, ನಾವೇನು ಕಡಲಾಚೆ ಓಗಿದ್ದೀವಾ ಸಾ, ಹತ್ತು ಮೈಲಿ."

"ಹತ್ತು ಮೈಲಿಯಾದ್ರೂ ಗಡಿ ಗಡಿನೇ ಕಣವ್ವ. ನಿನ್ನ ಎಲೆ ಕಟ್ಟ ಕುಟ್ಟಿ ನೋಡ್ತಾರಲ್ಲ, ಹಂಗೇ." ಕಾಗದವನ್ನು ಮಡಿಸಿ ಅವಳ ಕೈಗಿಟ್ಟರು. "ಅದಿರ್ಲಿ. ಬೆಲ ಯಾಕ ಇಳೀತು ಅಂತ ಕೇಳಿದ್ಯಾ?"

ಚಿಕ್ಕಬಸಮ್ಮನಿಗೆ ರೇಗಿತು. ಇಪ್ಪತ್ತು ವರ್ಷ ಕಾದು ಕೈಗೆ ಬಂದ ತುತ್ತಿನ ಮೇಲೆ ಈ ಮುದುಕ ನೊಣ ಬಿಡುತ್ತಿದ್ದಾನೆ ಎನ್ನಿಸಿತು.

"ನಂಗ್ಯಾಕ ಸಾ ಅದು? ಇಳ್ದದ, ತಕತೀನಿ. ಅಗ್ಗಕ್ಕ ಸಿಕ್ಕಿದ್ದ ಯಾರಾರ ಯಾಕ ಅಂತ ಕೇಳ್ತಾರಾ?"

"ಸಂತೇಲಿ ಬದನಕಾಯಿ ಅಗ್ಗ ಆದ್ರ ತಿರುಗ್ಸಿ ನೋಡ್ತೀಯೋ ಇಲ್ವೋ, ಉಳ ಬಿದ್ದದ ಅಂತ?"

ಅವಳು ಕಾಗದವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು.

"ಕೇಳು," ಎಂದರು ಪುಟ್ಟಮಲ್ಲಪ್ಪ. "ಹನೂರ ಕಡ ಕಾಡಂಚಲ್ಲೂ ಮನ ಅಗ್ಗ. ಯಾಕ?"

"ಚಳಿಜ್ವರಕ್ಕ. ನಂಗ ಬಿಟ್ಟಿ ಕೊಟ್ರೂ ಬ್ಯಾಡ."

"ಸರಿ. ಈಗ ಔಷದಿ ಹೊಡಿಯೋರು ಮನ ಮನಗ ಬತ್ತಾ ಅವ್ರ. ಜ್ವರ ನಿಂತ್ರ ಅಲ್ಲಿ ಬೆಲ ಏರ್ಬೌದು. ನಿಮ್ಮ ಯಳಂದೂರಲ್ಲಿ ಬೆಲ ಇಳ್ದೇ ಇಲ್ಲ, ಯಾಕಂದ್ರ ಮಾರೋರೇ ಇಲ್ಲ. ಇನ್ನ ಇಲ್ಲಿ. ಯುದ್ಧದ ಕಾಲ್ದಲ್ಲಿ ರೇಷ್ಮಗ ಬೆಲ ಬಂತು, ನೇಕಾರ್ರ ಬೀದಿಲಿ ಮನ ಮ್ಯಾಲ ಮನ ಕಟ್ದ್ರು. ಈಗ ಸೀರ ಕೇಳೋರಿಲ್ಲ. ಒಬ್ಬೊಬ್ರೇ ಸೇಲಂಗೋ ಈರೋಡ್ಗೋ ಓಯ್ತಾ ಅವ್ರ. ಮೂರೂರು, ಮೂರು ಬೆಲ. ಒಂದೂರ ಅಂಕಣದ ಬೆಲ ತಕಂಡೋಗಿ ಇನ್ನೊಂದೂರಲ್ಲಿ ಅಳೀಬ್ಯಾಡ."

"ಶುಕ್ರವಾರ ದಾಟುದ್ರ ಏರ್ಬುಡ್ತದ ಅಂದ ಮಾದಸ್ವಾಮಿ."

"ಎರಡು ವರ್ಷದಿಂದ ಇಳೀತಿರೋದು ಶುಕ್ರವಾರಕ್ಕ ಏರ್ತದಾ? ಏರೋ ಬೆಲ ಕಂಡ್ರ ಓಡ್ಬೇಕು. ಇಳಿಯೋ ಬೆಲ ಕಂಡ್ರ ಕೂತ್ಕಬೇಕು. ನೀನು ಕೂತ್ಕ. ಅವಸರ ಇರೋದು ಮಾರೋರ್ಗ."

ಆಮೇಲೆ ಅವರು ಕಚೇರಿಯಲ್ಲಿ ಅರ್ಜಿ ಕೊಡಿಸಿ, ಆ ಮನೆಯ ಮೇಲೆ ಹಿಂದಿನ ಹನ್ನೆರಡು ವರ್ಷದಲ್ಲಿ ಅಡವು, ಸಾಲ, ತಕರಾರು ಏನಾದರೂ ದಾಖಲಾಗಿದೆಯೇ ಎಂದು ತೆಗೆಸಿ ನೋಡಿದರು. ಏನೂ ಇರಲಿಲ್ಲ. ಪತ್ರ ಹಾಲಿನಷ್ಟು ಶುದ್ಧ. ಚಿಕ್ಕಬಸಮ್ಮನ ಮುಖ ಅರಳಿತು.

"ಇನ್ನೇನು ಸಾ? ಮದರಾಸು ಛಾಪಾ ಮ್ಯಾಲೇ ಬರ್ದು ಕೊಡಿ."

"ಬರ್ದು ಕೊಡ್ತೀನಿ. ಈ ಕಚೇರಿ ಪುಸ್ತಕದಲ್ಲಿ ಇಲ್ದಿರೋದು ಒಂದದ. ಮನ ಯಜಮಾನ ದೊಡ್ಡಸಿದ್ದಯ್ಯನ ಕೇಳಿ ಬೀಗದಕೈ ಇಸ್ಕ. ಒಂದು ದಿನ ಅಲ್ಲಿ ಒಲ ಹಚ್ಚಿ, ಉಂಡು, ಸಂಜಗಂಟ ಇದ್ದು ಬಾ. ಆಮೇಲೂ ಬೇಕು ಅಂದ್ರ ನಾನು ಕೂಲಿ ಇಲ್ದೆ ಬರ್ಕೊಡ್ತೀನಿ."

ದೊಡ್ಡಸಿದ್ದಯ್ಯನೂ ಅವನ ಹೆಂಡತಿ ಶಂಕರಮ್ಮನೂ ಆಗಲೇ ಸಾಮಾನು ಕಟ್ಟಿ ಇನ್ನೊಂದು ಬೀದಿಯ ನಂಟರ ಮನೆಯಲ್ಲಿ ಉಳಿದಿದ್ದರು. ಸೇಲಂನಲ್ಲಿ ಮಗಳ ಗಂಡ ಮಗ್ಗ ಹಾಕಿಕೊಡುತ್ತೇನೆ ಎಂದಿದ್ದ. ಮನೆ ಮಾರಿದ ದಿನವೇ ಹೊರಡುವವರು. ಅವರು ಬೀಗದಕೈ ಕೊಟ್ಟರು.

ಮಂಗಳವಾರ ಬೆಳಗ್ಗೆ ಚಿಕ್ಕಬಸಮ್ಮ ಒಂದು ಮಡಕೆ, ಒಂದು ಸೇರು ರಾಗಿಹಿಟ್ಟು, ಹಚ್ಚಲು ಒಂದು ಹೊರೆ ಮುತ್ತುಗದ ಎಲೆ ತೆಗೆದುಕೊಂಡು ಬಂದಳು. ಕಸ ಗುಡಿಸಿದಳು, ನೀರು ಸೇದಿದಳು. ಒಲೆಗೆ ಸೌದೆ ಒಟ್ಟಿದಳು. ಬೆಂಕಿಪೊಟ್ಟಣ ತಂದಿರಲಿಲ್ಲ. ನಾಲ್ಕು ಜನರ ನಡುವೆ ಬಾಳಿದವರು ಯಾರು ತಾನೇ ತರುತ್ತಾರೆ? ಪಕ್ಕದ ಮನೆಯಲ್ಲಿ ಎರಡು ಕೆಂಡ ಕೇಳಿದರೆ ಆಯಿತು. ಕೆಂಡದ ಜೊತೆಗೆ ಎರಡು ಮಾತೂ ಸಿಗುತ್ತದೆ.

ಒಂದು ಬೆರಣಿ ಚೂರು ಹಿಡಿದು ಎಡಗಡೆ ಮನೆಗೆ ಹೋದಳು. ಬೀಗ. ಬಲಗಡೆ ಮನೆಗೆ ಹೋದಳು. ಬೀಗ ಹಾಕಿ ಎಷ್ಟು ದಿನವಾಗಿತ್ತೋ, ಬೀಗದ ಮೇಲೆ ಜೇಡ ಬಲೆ ಕಟ್ಟಿತ್ತು. ಎದುರು ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ, ಒಂದು ಮೇಕೆ ಮಲಗಿತ್ತು. ಹಾಗೇ ಬೀದಿಯುದ್ದಕ್ಕೂ ನಡೆದಳು. ಮಧ್ಯಾಹ್ನದ ಬಿಸಿಲಿನಲ್ಲಿ ಮನೆ ನೋಡಲು ಬಂದಿದ್ದಾಗ, ಎಲ್ಲರೂ ಒಳಗೆ ಮಲಗಿದ್ದಾರೆ ಎಂದುಕೊಂಡಿದ್ದಳು. ಈಗ ಬೆಳಗಿನ ಅಡಿಗೆ ಹೊತ್ತು. ಹದಿನಾಲ್ಕು ಮನೆಯ ಬೀದಿಯಲ್ಲಿ ಎರಡು ಮನೆಯ ಹೆಂಚಿನ ಸಂದಿಯಿಂದ ಮಾತ್ರ ಹೊಗೆ ಬರುತ್ತಿತ್ತು, ಅದೂ ಬೀದಿಯ ಆ ತುದಿಯಲ್ಲಿ.

ಆ ತುದಿಯ ಮುದುಕಿಯೊಬ್ಬಳು ಕೆಂಡ ಕೊಟ್ಟಳು. ಇವಳ ಮಾತು ಅವಳಿಗೆ ಕೇಳಿಸಲಿಲ್ಲ, ಕಿವಿ ಮಂದ. ಬೆರಣಿಯ ಮೇಲೆ ಕೆಂಡ ಇಟ್ಟುಕೊಂಡು ಊದುತ್ತಾ ಊದುತ್ತಾ ಬಂದಳು. ಮನೆ ತಲುಪುವ ಹೊತ್ತಿಗೆ ಕೆಂಡ ಬೂದಿಯಾಗಿತ್ತು. ಮತ್ತೆ ಹೋಗಲು ನಾಚಿಕೆಯಾಯಿತು. ಹಿಟ್ಟಿಗೆ ತಣ್ಣೀರು ಕಲಸಿ ಕುಡಿದು, ಎಲೆ ಹಚ್ಚುತ್ತಾ ಕೂತಳು.

ಹೊತ್ತು ಹೋಗಲಿಲ್ಲ. ಯಳಂದೂರಿನ ಕೋಣೆಯಲ್ಲಿ ಎಲೆ ಹಚ್ಚುವಾಗ ಹೊರಗೆ ಯಾರೋ ಯಾರನ್ನೋ ಬೈಯುತ್ತಿದ್ದರು, ಮಗು ಅಳುತ್ತಿತ್ತು, ಗಾಡಿ ಹೋಗುತ್ತಿತ್ತು. ತಾನು ಒಬ್ಬಳು ಎಂದು ಅವಳು ಅಲ್ಲಿಯೂ ಅಂದುಕೊಂಡಿದ್ದಳು. ಆದರೆ ಒಂಟಿತನದಲ್ಲೂ ಹೆಚ್ಚು ಕಡಿಮೆ ಇದೆ ಎಂಬುದು ಅವಳಿಗೆ ಈಗ ತಿಳಿಯಿತು. ಇಲ್ಲಿ ಕಡ್ಡಿ ಮುರಿದ ಸದ್ದು ಮೂರಂಕಣದಲ್ಲೂ ಕೇಳುತ್ತಿತ್ತು. ಒಂದು ಸಲ ಸುಮ್ಮನೆ "ಯಾರದು" ಎಂದು ಕೂಗಿದಳು, ಯಾರೂ ಬಂದಿರಲಿಲ್ಲ.

ಇಳಿಹೊತ್ತಿಗೆ ಶಂಕರಮ್ಮ ಒಂದು ಗಿಂಡಿ ಮಜ್ಜಿಗೆ ತಂದಳು. ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಮೂವತ್ತು ವರ್ಷ ಅವಳ ಗಂಡ ಕಾಲು ಇಳಿಬಿಟ್ಟ ಜಾಗ ಅದು.

"ಉಂಡ್ರಾ?" ಎಂದಳು.

"ಒಲ ಹತ್ಲಿಲ್ಲ ಕಣಮ್ಮ."

ಶಂಕರಮ್ಮನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಮೊದ್ಲು ಇಲ್ಲಿ ಮಗ್ಗದ ಸದ್ದಲ್ಲಿ ನಮ್ಮ ಮಾತು ನಮ್ಗೇ ಕೇಳ್ತಿರ್ಲಿಲ್ಲ. ಕಿರುಚಿ ಮಾತಾಡಿ ಮಾತಾಡಿ ನನ್ನ ಗಂಟ್ಲೇ ದೊಡ್ದಾಗೋಯ್ತು. ಈಗ ನನ್ನ ಉಸುರು ನಂಗೇ ಕೇಳ್ತದ." ಸೆರಗಿನಿಂದ ಮುಖ ಒರೆಸಿಕೊಂಡಳು. "ತಕಳಿ ಅಂತ್ಲೇ ನಾನು ಯೋಳ್ಬೇಕು. ನೀವು ತಕಂಡ್ರ ನಾಳೆ ನಾವು ಬಸ್ಸು ಅತ್ತುತೀವಿ. ಆದ್ರ ನಿಮ್ಗ ಹಿಂದಿಲ್ಲ ಮುಂದಿಲ್ಲ ಅಂತ ಕೇಳ್ದಿ. ಗಂಡ ಜೊತಗಿದ್ದೂ ನಂಗ ಇಲ್ಲಿರಕ್ಕಾಗ್ಲಿಲ್ಲ ಕಣವ್ವ. ನೀವೊಬ್ರೇ ಎಂಗಿದ್ದೀರಿ?"

ಚಿಕ್ಕಬಸಮ್ಮ ಬೀಗದಕೈಯನ್ನು ಶಂಕರಮ್ಮನ ಮಡಿಲಿಗೆ ಹಾಕಿದಳು. ಇಬ್ಬರೂ ಮಜ್ಜಿಗೆ ಕುಡಿದರು. ಹೊರಡುವ ಮೊದಲು ಚಿಕ್ಕಬಸಮ್ಮ ಆ ತೇಗದ ಕಂಬವನ್ನು ಇನ್ನೊಂದು ಸಲ ಮುಟ್ಟಿದಳು. ಅಷ್ಟು ಒಳ್ಳೆಯ ಮನೆ ತನಗೆ ಮತ್ತೆ ಸಿಗುವುದಿಲ್ಲ ಎಂದು ಗೊತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಶುಕ್ರವಾರ ಬಂತು, ಹೋಯಿತು. ಬೆಲೆ ಏರಲಿಲ್ಲ. ಮುಂದಿನ ತಿಂಗಳು ಅದೇ ಮನೆ ನಾನೂರ ಐವತ್ತಕ್ಕೆ ಇಳಿಯಿತು. ಮಾದಸ್ವಾಮಿ ಮುಖ ಊದಿಸಿಕೊಂಡು ಓಡಾಡಿದ. ಕೊನೆಗೆ ಅದನ್ನು ಕೊಂಡವರು ಆರು ಗಂಡುಮಕ್ಕಳಿರುವ ಒಂದು ದೊಡ್ಡ ಸಂಸಾರದವರು. ಅವರಿಗೆ ಕೆಂಡ ಕೇಳಲು ಪಕ್ಕದ ಮನೆ ಬೇಕಿಲ್ಲ, ಮನೆಯೊಳಗೇ ಒಂದು ಬೀದಿಯಿದೆ. ಅವರಿಗೆ ಅದು ನಿಜವಾಗಿಯೂ ಅಗ್ಗ. ಒಂದೇ ಮನೆ, ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಶಿಕ್ಷೆ. ಇದನ್ನು ಯಾವ ದಲ್ಲಾಳಿಯೂ ಹೇಳುವುದಿಲ್ಲ.

ಪುಟ್ಟಮಲ್ಲಪ್ಪನವರು ಇನ್ನೊಂದು ಮನೆ ತೋರಿಸಿದರು. ಅದೇ ಕೊಳ್ಳೇಗಾಲ, ಸಂತೆಮಾಳದ ಹಿಂದಿನ ಬೀದಿ. ಒಂದೂವರೆ ಅಂಕಣ. ಪಕ್ಕದ ಮನೆಗೂ ಇದಕ್ಕೂ ಒಂದೇ ಗೋಡೆ, ಒಂದೇ ಜಗಲಿ. ಐನೂರ ಐವತ್ತು ಕೇಳಿದರು.

"ಮೂರಂಕಣಕ್ಕ ಐನೂರು, ಒಂದೂವರಗ ಐನೂರೈವತ್ತಾ? ಇದ್ಯಾವ ನ್ಯಾಯ ಸಾ?" ಎಂದಳು ಚಿಕ್ಕಬಸಮ್ಮ.

"ಊರೊಳ್ಗೂ ಊರಿದಾವ ಕಣವ್ವ. ಬೀದಿ ಬೀದಿಗೂ ಬೆಲ ಬೇರ. ಇಲ್ಲಿ ಜನ ಅವ್ರ, ಅದ್ಕ ಬೆಲ ಜಾಸ್ತಿ ಬಿದ್ದಿಲ್ಲ. ಆದ್ರೂ ಬೀಳ್ತದ, ಕೂತ್ಕ."

ಅವಳು ಕೂತಳು. ಕೂತಳು ಎಂದರೆ ಕೈ ಕಟ್ಟಿ ಕೂರಲಿಲ್ಲ. ಎಲೆ ಮಾರಲು ಬಂದಾಗಲೆಲ್ಲ ಆ ಬೀದಿಯಲ್ಲಿ ಒಂದು ಗಳಿಗೆ ನಿಂತು ಹೋಗುತ್ತಿದ್ದಳು. ಬಿರುಬೇಸಿಗೆಯಲ್ಲಿ ಬೀದಿಯ ಬಾವಿಯಲ್ಲಿ ಎಷ್ಟು ನೀರಿರುತ್ತದೆ ನೋಡಿದಳು. ಮಳೆ ಬಂದ ದಿನ ಎಲ್ಲಿ ಸೋರುತ್ತದೆ ನೋಡಿದಳು. ಗೋಡೆಯಾಚೆಯ ಶಿವರತ್ನಮ್ಮ ಎಂಬ ಹೆಂಗಸಿನ ಬಾಯಿ ಬಲು ಜೋರು ಎಂಬುದೂ ತಿಳಿಯಿತು. ಆಷಾಢ ಕಳೆಯುವಷ್ಟರಲ್ಲಿ ಮಾರುವವರು ನಾನೂರ ಎಂಬತ್ತಕ್ಕೆ ಇಳಿದರು. ದಾಖಲೆ ತೆಗೆಸಿ ನೋಡಿ, ಮದರಾಸು ಛಾಪಾ ಕಾಗದದ ಮೇಲೆ ಕ್ರಯಪತ್ರ ಬರೆಸಿ, ಕೊಳ್ಳೇಗಾಲದ ಕಚೇರಿಯಲ್ಲೇ ರಿಜಿಸ್ಟರ್ ಮಾಡಿಸಿ, ಚಿಕ್ಕಬಸಮ್ಮ ಹೆಬ್ಬೆಟ್ಟು ಒತ್ತಿದಳು. ಪುಟ್ಟಮಲ್ಲಪ್ಪನವರು ಕೂಲಿ ತೆಗೆದುಕೊಂಡರು. ಕೂಲಿಯಿಲ್ಲದೆ ಬರೆಯುತ್ತೇನೆ ಎಂದಿದ್ದು ಆ ಮನೆಗೆ, ಈ ಮನೆಗಲ್ಲ ಎಂದರು.

ಮನೆ ಸಣ್ಣದು. ಎಲೆಯ ಹೊರೆ ಇಟ್ಟರೆ ಕಾಲು ಚಾಚಲು ಜಾಗವಿಲ್ಲ. ಶಿವರತ್ನಮ್ಮ ಗೋಡೆಯಾಚೆ ಸೊಸೆಯನ್ನು ಬೈದರೆ ಈಚೆ ಪಾತ್ರೆ ಅದುರುತ್ತಿತ್ತು. ಹೊಸದರಲ್ಲಿ ಯಾರೂ ಅವಳನ್ನು ಅಷ್ಟಾಗಿ ಮಾತಾಡಿಸಲಿಲ್ಲ. ಬೇರೆ ಊರಿನವಳು, ಹಿಂದೆ ಮುಂದೆ ಇಲ್ಲದವಳು. ಸಂಜೆ ಒಬ್ಬಳೇ ಉಣ್ಣುವಾಗ, ದುಡ್ಡೆಲ್ಲ ಕೊಟ್ಟು ಇಷ್ಟೇ ಜಾಗ ಕೊಂಡೆನಲ್ಲ ಎಂದು ಆ ತೇಗದ ಕಂಬ ನೆನಪಾಗುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ಎಷ್ಟೋ ದಿನ ಅವಳಿಗೆ ಪಶ್ಚಾತ್ತಾಪವೇ ಆಯಿತು.

ಕಾರ್ತಿಕ ಮಾಸದಲ್ಲಿ ಒಂದು ಬೆಳಗ್ಗೆ ಅವಳಿಗೆ ಏಳಲಾಗಲಿಲ್ಲ. ಮೈಯೆಲ್ಲ ಕೆಂಡ, ನಾಲಿಗೆ ಒಣಗಿತ್ತು. ಕೂಗಲು ದನಿಯಿಲ್ಲ. ಯಾರನ್ನು ಕೂಗುವುದು ಎಂದೂ ತಿಳಿಯಲಿಲ್ಲ. ಹೀಗೇ ಹೋಗಿಬಿಡುತ್ತೇನೆ, ಎಲೆ ಕೇಳಲು ಬಂದವರು ನಾಲ್ಕು ದಿನದ ಮೇಲೆ ನೋಡುತ್ತಾರೆ ಎಂದುಕೊಂಡು ಕಣ್ಣು ಮುಚ್ಚಿದಳು.

ಬಿಸಿಲು ಜಗಲಿಗೆ ಬಂದಿತ್ತೋ ಇಲ್ಲವೋ, ಬಾಗಿಲು ದಡದಡ ಬಡಿಯಿತು.

"ಚಿಕ್ಕಬಸಕ್ಕ, ಒತ್ತು ಉಟ್ಟಿ ಎಷ್ಟೊತ್ತಾಯ್ತು, ಇನ್ನೂ ಬಾಗ್ಲು ತಗದಿಲ್ಲ, ಯಾಕ?" ಶಿವರತ್ನಮ್ಮನ ದನಿ ಬೀದಿಗೆಲ್ಲ ಕೇಳುವಂತಿತ್ತು. "ತಗೀತೀಯೋ, ಇಲ್ಲ ನನ್ನ ಮಗನ ಕರ್ದು ಮುರಿಸ್ಲೋ?"

ಚಿಕ್ಕಬಸಮ್ಮ ತೆವಳಿಕೊಂಡು ಹೋಗಿ ಅಗಳಿ ತೆಗೆದಳು. ಶಿವರತ್ನಮ್ಮ ಅವಳ ಹಣೆ ಮುಟ್ಟಿ ನೋಡಿ, ಬೈಯುತ್ತಲೇ ಎತ್ತಿ ಕೂರಿಸಿ, ಬೈಯುತ್ತಲೇ ಗಂಜಿ ಕುಡಿಸಿದಳು. ಚಿಕ್ಕಬಸಮ್ಮ ಅಳತೊಡಗಿದಳು.

"ಜ್ವರಕ್ಕೆಲ್ಲ ಯಾರಾರ ಅಳ್ತಾರಾ?" ಎಂದಳು ಶಿವರತ್ನಮ್ಮ.

ಅವಳು ಅತ್ತಿದ್ದು ಜ್ವರಕ್ಕಲ್ಲ. ಇಪ್ಪತ್ತು ವರ್ಷದಲ್ಲಿ ಅವಳ ಬಾಗಿಲು ತೆರೆದಿಲ್ಲ ಎಂದು ಒಬ್ಬರು ಗಮನಿಸಿದ್ದು ಅದೇ ಮೊದಲು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಊರಲ್ಲೂ ಮನೆಯ ಬೆಲೆ ಇಳಿದಿರಬಹುದು. ಇಳಿದ ಬೆಲೆ ಕೊಳ್ಳುವವನಿಗೆ ಒಳ್ಳೆಯದೇ, ಹೆದರಬೇಡಿ. ಆದರೆ ಯಾಕೆ ಇಳಿಯಿತು ಎಂದು ನಾಲ್ಕು ಜನರನ್ನು ಕೇಳಿ. ಪಕ್ಕದ ಊರಿನ ಬೆಲೆ ನಿಮ್ಮ ಊರಿನ ಬೆಲೆಯಲ್ಲ, ಆ ಬೀದಿಯ ಬೆಲೆ ಈ ಬೀದಿಯದಲ್ಲ. ಶುಕ್ರವಾರದೊಳಗೆ ಎಂದು ಯಾರಾದರೂ ಅವಸರ ಮಾಡಿದರೆ ಶನಿವಾರ ಬರುತ್ತೇನೆ ಎನ್ನಿ. ಮನೆ ಇರುವ ಸೀಮೆಯ ಛಾಪಾ ಕಾಗದ, ಅಲ್ಲಿಯ ಕಚೇರಿಯ ರಿಜಿಸ್ಟರ್, ಹಿಂದಿನ ವರ್ಷಗಳ ದಾಖಲೆ, ಇಷ್ಟೂ ನೋಡದೆ ಮುಂಗಡ ಕೊಡಬೇಡಿ. ಓದು ಬಾರದಿದ್ದರೆ ನಂಬಿಕೆಯ ಒಬ್ಬರಿಂದ ಓದಿಸಿ, ನಾಚಿಕೆ ಬೇಡ. ಇಷ್ಟೆಲ್ಲ ಆದ ಮೇಲೆ ಆ ಬೀದಿಗೆ ಹೋಗಿ ಒಂದು ದಿನ ಇದ್ದು ನೋಡಿ. ನಾಳೆ ನಿಮ್ಮ ಬಾಗಿಲು ತೆರೆಯದೆ ಹೋದರೆ ಬಂದು ಬಡಿಯುವವರು ಯಾರು ಎಂದು ಹೆಸರು ಹಿಡಿದು ಹೇಳಲು ಆಗುತ್ತದೆಯೇ? ಆಗುವುದಾದರೆ ಆ ಮನೆ ಕೊಳ್ಳಿ.